ಹೆಂಡತಿಯ ಕಾರಿಗೆ ಗಟ್ಟಿ ಪಿಸ್ಟನ್

ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಎಲ್ಲರಿಗೂ ಕಷ್ಟವೇ. ಆದರೆ ಅರ್ಧ ಗೊತ್ತಿರುವವನ ಕಷ್ಟ ಏನೂ ಗೊತ್ತಿಲ್ಲದವನಿಗೆ ಇರುವುದಿಲ್ಲ. ನಾನು ಅರ್ಧ ಗೊತ್ತಿರುವವನು. ಪೀಣ್ಯ ಎರಡನೇ ಹಂತದಲ್ಲಿ ನೀರೆತ್ತುವ ಪಂಪುಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷಗಳಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್. ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ಏಸಿ ಕೋಣೆಯಲ್ಲಿ ಕೂತು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುವುದು ನನ್ನ ಕೆಲಸ. ಈ ಕೆಲಸ ಮಾಡುತ್ತ ಮಾಡುತ್ತ, ಅಳೆಯಲು ಬಂದರೆ ಮಾಡಲೂ ಬಂದಂತೆ ಎಂಬ ಭ್ರಮೆ ಹುಟ್ಟಿಬಿಡುತ್ತದೆ. ಒಮ್ಮೆ ಮನೆಯಲ್ಲಿ, ಇಡ್ಲಿಗಳೆಲ್ಲ ಒಂದೇ ದಪ್ಪ ಇಲ್ಲವೆಂದು ಸಾಧಿಸಿ ತೋರಿಸಿದೆ. ಮರುದಿನದಿಂದ ಒಂದು ತಿಂಗಳು ಉಪ್ಪಿಟ್ಟು. ಅದನ್ನು ಅಳೆಯುವುದು ಹೇಗೆಂದು ನನಗೆ ಇಂದಿಗೂ ತಿಳಿದಿಲ್ಲ.

ಈಗ ಹೇಳಹೊರಟಿರುವ ಕಾರು ನನ್ನದಲ್ಲ, ನನ್ನ ಹೆಂಡತಿ ವಸಂತಳದು. ಅವಳು ಮಾದನಾಯಕನಹಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಬಾಗಲಗುಂಟೆಯ ನಮ್ಮ ಮನೆಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಹೋಗಿ ಸಾಕಾಗಿ, ತಾನೇ ಡ್ರೈವಿಂಗ್ ಕಲಿತು, ತಾನೇ ಆರಿಸಿ ತಂದ ಪುಟ್ಟ ಪೆಟ್ರೋಲ್ ಕಾರು. ಏಳು ವರ್ಷ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಅದೇ ಅದರ ದೋಷವೆಂದು ನನಗೆ ಅನ್ನಿಸಿದ್ದು ಪ್ರಕಾಶನ ಕಾರಿನಲ್ಲಿ ಕೂತ ಮೇಲೆ. ಪ್ರಕಾಶ ನಮ್ಮ ಕಾರ್ಖಾನೆಯ ಸ್ಟೋರ್ಸ್‌ನವನು. ತನ್ನ ಹಳೇ ಕಾರಿಗೆ ಟರ್ಬೋ ಹಾಕಿಸಿಕೊಂಡಿದ್ದ. ಊಟದ ಹೊತ್ತಿನಲ್ಲಿ ನನ್ನನ್ನು ತುಮಕೂರು ರಸ್ತೆಯಲ್ಲಿ ಒಂದು ಸುತ್ತು ಕರೆದೊಯ್ದ. ಆಕ್ಸಿಲರೇಟರ್ ಮೇಲೆ ಕಾಲಿಟ್ಟ ಕೂಡಲೇ ಗಾಡಿ ಹಾರಿತು. "ಹೆಂಗೆ ಗುರು?" ಎಂದ. ತಿಂದ ಚಿತ್ರಾನ್ನ ಗಂಟಲಲ್ಲಿತ್ತು. ಆದರೆ ಮನಸ್ಸು ಕೆಟ್ಟುಹೋಗಿತ್ತು.

ಪ್ರಕಾಶನೇ ಗೌಸ್ ಭಾಯ್ ಅವರ ವಿಳಾಸ ಕೊಟ್ಟ. ಅರವತ್ತರ ಹತ್ತಿರದ ಮನುಷ್ಯ. ಪೀಣ್ಯದ ಲೇತ್ ಅಂಗಡಿಗಳ ಸಾಲಿನ ಹಿಂದೆ ಅವರ ಗ್ಯಾರೇಜು. ನಾನು ಹೋಗಿ ಟರ್ಬೋ ಎಂದ ಕೂಡಲೇ ಅವರು ತಲೆಯಾಡಿಸಿದರು. "ಟರ್ಬೋ ಆಮೇಲೆ ಸಾರ್. ಅದು ಇಂಜಿನ್ ಒಳಗೆ ಗಾಳಿ ತುರುಕ್ತದೆ. ಗಾಳಿ ಜಾಸ್ತಿ ಆದ್ರೆ ಪೆಟ್ರೋಲ್ ಜಾಸ್ತಿ, ಏಟೂ ಜಾಸ್ತಿ. ಕಂಪನಿ ಪಿಸ್ಟನ್ನು, ಕನೆಕ್ಟಿಂಗ್ ರಾಡು ಆ ಏಟು ತಡ್ಯಲ್ಲ. ಮೊದ್ಲು ಒಳಗಿಂದು ಗಟ್ಟಿ ಮಾಡೋಣ" ಎಂದರು. ಮಾತು ನನಗೆ ಹಿಡಿಸಿತು. ಮನೆಯಲ್ಲಿ ವಸಂತಳಿಗೆ, "ನಿನ್ನ ಗಾಡಿಗೆ ಒಳ್ಳೇ ಸರ್ವಿಸ್ ಮಾಡಿಸ್ತೀನಿ, ಒಂದು ವಾರ ಬಿಡು" ಎಂದೆ. ಅವಳಿಗೆ ಸಂತೋಷವಾಯಿತು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಗಂಡನಿಗೆ ತಾನಾಗಿ ಒಂದು ಕೆಲಸ ಹೊಳೆದಿತ್ತು.

ಒಂದು ವಾರ ಹನ್ನೊಂದು ವಾರವಾಯಿತು. ಎರಕ ಹೊಯ್ದವಲ್ಲ, ಲೋಹವನ್ನು ಕಾಯಿಸಿ ಒತ್ತಿ ಮಾಡಿದ ಗಟ್ಟಿ ಪಿಸ್ಟನ್ನುಗಳು ಕೊಯಮತ್ತೂರಿನಿಂದ ಬರಬೇಕಿತ್ತು. ಬಂದದ್ದು ಬೇರೆ ಯಾವುದೋ ಕಾರಿನವು. ವಾಪಸ್ ಹೋದವು. ಎರಡನೇ ಸಲ ಸರಿಯಾದವು ಬಂದವು. ಅಷ್ಟರಲ್ಲಿ ಸಿಲಿಂಡರು ಕೊರೆಯುವವನ ಮಗಳ ನಾಮಕರಣ ಬಂತು. ಅವನು ಮರಳಿ ಬಂದಾಗ ಕರೆಂಟು ಹೋಯಿತು. ಪಿಸ್ಟನ್ನುಗಳನ್ನು ಹಿಡಿದಿರುವ ಕನೆಕ್ಟಿಂಗ್ ರಾಡುಗಳು ನಾಲ್ಕೂ ಒಂದೇ ತೂಕವಿರಬೇಕು. ನಾನು ತೂಗಿ ನೋಡಿದೆ. ಒಂದರಲ್ಲಿ ನಾಲ್ಕು ಗ್ರಾಂ ಹೆಚ್ಚಿತ್ತು. ಉಜ್ಜಿ ಕಮ್ಮಿ ಮಾಡಿದರು. ಈಗ ಎರಡು ಗ್ರಾಂ ಕಮ್ಮಿಯಾಯಿತು. ಸರಿ, ಮಿಕ್ಕ ಮೂರನ್ನೂ ಉಜ್ಜಬೇಕು. ಪ್ರತಿ ಶನಿವಾರ ನಾನು ಮೈಕ್ರೋಮೀಟರು ಜೇಬಿನಲ್ಲಿಟ್ಟುಕೊಂಡು ಹೋಗುವುದು, ಗೌಸ್ ಭಾಯ್ "ಸಾರ್, ಟೀ ಕುಡ್ಕೊಂಡು ಬನ್ನಿ" ಎಂದು ಹೊರಗೆ ಕಳಿಸುವುದು. ಒಂದು ಶನಿವಾರ ಏಳು ಟೀ ಕುಡಿದೆ. ಮನೆಯಲ್ಲಿ ವಸಂತ ಮತ್ತೆ ಬಸ್ಸಿನಲ್ಲಿ ನೇತಾಡುತ್ತಿದ್ದಳು. ದಿನಾ ಸಂಜೆ ಚಪ್ಪಲಿ ಬಿಡುವ ಮುಂಚೆಯೇ, "ರೀ, ಸರ್ವಿಸ್ ಮುಗೀತಾ?" ನಾನು ಮೊದಲು ಬ್ರೇಕ್ ಎಂದೆ, ಆಮೇಲೆ ಕ್ಲಚ್ ಎಂದೆ, ಕೊನೆಗೆ ಹೇಳಲು ಯಾವ ಭಾಗವೂ ಉಳಿಯದೆ, "ಮಳೆಗಾಲಕ್ಕೆ ಮುಂಚೆ ಒಮ್ಮೆ ಎಲ್ಲಾ ನೋಡಿಸೋದು ಒಳ್ಳೇದು" ಎಂದೆ. ಆಗ ಫೆಬ್ರವರಿ.

ನಿಜವಾದ ಜಗಳ ನಡೆದದ್ದು ಜಾಗದ ವಿಷಯಕ್ಕೆ. ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿಗೂ ಅದರ ಸುತ್ತಲ ಸಿಲಿಂಡರಿನ ಗೋಡೆಗೂ ನಡುವೆ ಸಣ್ಣ ಜಾಗ ಬಿಡಬೇಕಷ್ಟೆ. ಕಾರಿನ ಪುಸ್ತಕದಲ್ಲಿ ಇಂತಿಷ್ಟೇ ಎಂದು ಬರೆದಿತ್ತು. ಗೌಸ್ ಭಾಯ್ ಅದರ ಎರಡರಷ್ಟು ಬಿಡುತ್ತೇನೆಂದರು. "ಈ ಪಿಸ್ಟನ್ನು ಬಿಸಿಗೆ ಜಾಸ್ತಿ ಉಬ್ತದೆ ಸಾರ್. ಜಾಗ ಬೇಕು." ನಾನು ಪುಸ್ತಕ ತೆರೆದು ತೋರಿಸಿದೆ. "ಅದು ಹಳೇ ಪಿಸ್ಟನ್ನಿನ ಪುಸ್ತಕ ಸಾರ್" ಎಂದರು. ನನ್ನ ಹದಿನೆಂಟು ವರ್ಷದ ಸರ್ವಿಸು ಮೈಮೇಲೆ ಬಂತು. ಎರಡರಷ್ಟು ಬಿಡುವುದೆಂದರೆ ಹೊಲಸು ಕೆಲಸ, ನಮ್ಮ ಕಾರ್ಖಾನೆಯಲ್ಲಾಗಿದ್ದರೆ ಇಡೀ ಲಾಟು ಗುಜರಿಗೆ ಹೋಗುತ್ತಿತ್ತು ಎಂದೆಲ್ಲ ಭಾಷಣ ಮಾಡಿದೆ. ಅವರು ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು. "ಗಾಡಿ ನಿಮ್ದು" ಎಂದರು. ಅದೂ ತಪ್ಪೇ. ಗಾಡಿ ನನ್ನದಾಗಿರಲಿಲ್ಲ.

ಪುಸ್ತಕದ ಅಳತೆಗೇ ಇಂಜಿನ್ ಜೋಡಣೆಯಾಯಿತು. ಟರ್ಬೋ ಬರುವುದು ತಡವೆಂದು, ಅಲ್ಲಿಯವರೆಗೆ ನಿಧಾನವಾಗಿ ಓಡಿಸಿ ಎಂದು ಹೇಳಿ ಗಾಡಿ ಕೊಟ್ಟರು. ವಾರವೆಲ್ಲ ನಾನೇ ಗಲ್ಲಿಗಳಲ್ಲಿ ನಿಧಾನವಾಗಿ ಓಡಿಸಿದೆ. ಶನಿವಾರ ವಸಂತಳಿಗೆ ಪರೀಕ್ಷೆಯ ಡ್ಯೂಟಿ. ಒಂಬತ್ತೂವರೆಗೆ ಸರಿಯಾಗಿ ಪರೀಕ್ಷಾ ಕೊಠಡಿಯಲ್ಲಿರಬೇಕು. ಇಂಜಿನ್ನಿನ ಸದ್ದು ಕೇಳುವ ಆಸೆಗೆ ನಾನೂ ಪಕ್ಕದಲ್ಲಿ ಕೂತೆ. ಮಾದಾವರ ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತು. ನನ್ನ ಬಾಯಿ ಸುಮ್ಮನಿರಲಿಲ್ಲ. "ಸ್ವಲ್ಪ ಒತ್ತು, ನೋಡೋಣ" ಎಂದೆ. ಅವಳು ಒತ್ತಿದಳು. ಒಂದು ನಿಮಿಷ ಸೊಗಸಾಗಿ ಹೋಯಿತು. ಆಮೇಲೆ ಮುಂದಿನಿಂದ ಕಬ್ಬಿಣ ಹಲ್ಲು ಕಡಿದಂತೆ ಒಂದು ಸದ್ದು. ಗಾಡಿ ಮುಗ್ಗರಿಸಿತು. ವಸಂತ ಗಾಬರಿಯಾಗದೆ ಕ್ಲಚ್ ತುಳಿದು ಎಡಕ್ಕೆ ಉರುಳಿಸಿಕೊಂಡು ನಿಲ್ಲಿಸಿದಳು. ಹಿಂದಿದ್ದ ಲಾರಿ ಹಾರನ್ ಬಾರಿಸುತ್ತ ಮೈ ಸವರಿಕೊಂಡು ಹೋಯಿತು. ಅವಳು ಕೈಗಡಿಯಾರ ನೋಡಿದಳು. ಒಂಬತ್ತು ಗಂಟೆ.

ಗೌಸ್ ಭಾಯ್‌ಗೆ ಫೋನು ಮಾಡಿದೆ. ಎರಡು ಮಾತಾಡುವಷ್ಟರಲ್ಲಿ ಅವಳು ಫೋನು ಕಸಿದುಕೊಂಡಳು. "ಸರ್ವಿಸ್ ಮಾಡಿದ್ದು ನೀವೇ ಅಲ್ವಾ? ಏನ್ ಸರ್ವಿಸ್ ರೀ ಇದು?"

ಆ ಕಡೆಯ ದನಿ ನನಗೂ ಕೇಳುತ್ತಿತ್ತು. "ಸರ್ವಿಸಾ? ಅಯ್ಯೋ ಮೇಡಂ, ಇಂಜಿನ್ ಜಾಮ್ ಆಗಿರ್ತದೆ. ಟರ್ಬೋಗೆ ಹಾಕೋ ಪಿಸ್ಟನ್ನಿಗೆ ಜಾಗ ಬೇಕು ಅಂತ ಸಾರ್‌ಗೆ ಬಡ್ಕೊಂಡೆ. ಕೇಳ್ಲಿಲ್ಲ."

"ಟರ್ಬೋ ಅಂದ್ರೆ?" ಎಂದು ವಸಂತ ಕೇಳಿದಳು. ಕೇಳಿದ್ದು ಅವರನ್ನು, ನೋಡಿದ್ದು ನನ್ನನ್ನು. ಅವರು ಪಾಪ, ಎಲ್ಲವನ್ನೂ ಮೊದಲಿನಿಂದ ಬಿಡಿಸಿ ಹೇಳಿದರು. ನಾನು ರಸ್ತೆ ಬದಿಯ ಎಕ್ಕದ ಗಿಡ ನೋಡುತ್ತ ನಿಂತಿದ್ದೆ. ಅವಳು ಫೋನು ವಾಪಸ್ ಕೊಟ್ಟು, "ಕಾಯಿಸಿದ್ರೆ ಲೋಹ ಹಿಗ್ಗುತ್ತೆ ಅಂತ ನಮ್ಮ ಸ್ಕೂಲಲ್ಲಿ ಸಣ್ಣ ಮಕ್ಕಳಿಗೂ ಗೊತ್ತು ಕಣ್ರೀ" ಎಂದಳು. ಕೂಗಿದ್ದರೆ ಚೆನ್ನಾಗಿತ್ತು. ಹಾಲಿನ ಕ್ಯಾನುಗಳ ಟೆಂಪೋ ಒಂದು ನಿಂತಿತು. "ಏನಕ್ಕ, ಎಲ್ಗೆ ಓಗ್ಬೇಕು? ಪರೀಕ್ಸೆನಾ? ಅತ್ತಿ, ನಾನೂ ಅಂಗೇ ಓಗದು" ಎಂದ ಡ್ರೈವರು. ಅವಳು ಸೆರಗು ಸಿಕ್ಕಿಸಿ ಹತ್ತಿಯೇಬಿಟ್ಟಳು. ಒಂಬತ್ತು ಇಪ್ಪತ್ತೆಂಟಕ್ಕೆ ತಲುಪಿದಳೆಂದು ಆಮೇಲೆ ತಿಳಿಯಿತು. ನನಗೆ ಹೇಳಿದ್ದು ಅವಳಲ್ಲ, ನಮ್ಮ ಅತ್ತೆ. ವಿಷಯ ಅಷ್ಟರಲ್ಲಿ ಅಲ್ಲಿಯವರೆಗೆ ಹೋಗಿತ್ತು.

ಸೋಮವಾರ ಅವಳೇ ಗ್ಯಾರೇಜಿಗೆ ಬಂದಳು. ಎರಡು ಪಿಸ್ಟನ್ನುಗಳ ಮೈಯೆಲ್ಲ ಗೀಚಿಹೋಗಿತ್ತು. ಗೌಸ್ ಭಾಯ್ ಹೇಳಿದಷ್ಟೇ ಜಾಗ ಬಿಡಬೇಕು, ಟರ್ಬೋ ಬೇಡ, ಇವರು ಇತ್ತ ಕಾಲಿಡುವುದು ಬೇಡ ಎಂದು ತೀರ್ಪಾಯಿತು. ಗೌಸ್ ಭಾಯ್ ತಲೆ ಕೆರೆದುಕೊಂಡರು. "ಟರ್ಬೋ ಗಾಳಿ ಒತ್ತುತ್ತೆ ಅಂತ ಈ ಪಿಸ್ಟನ್ನು ಕಮ್ಮಿ ಒತ್ತೋ ಥರ ಮಾಡವ್ರೆ ಮೇಡಂ. ಟರ್ಬೋ ಇಲ್ದಿದ್ರೆ ಇಬ್ರೂ ಒತ್ತಲ್ಲ. ಗಾಡಿ ನೂರು ವರ್ಷ ಬಾಳ್ತದೆ, ಆದ್ರೆ ಮುಂಚಿಗಿಂತ ಸ್ವಲ್ಪ ಸುಸ್ತು."

"ಪರವಾಗಿಲ್ಲ, ಬಸ್ಸಿಗಿಂತ ಮುಂಚೆ ಹೋದ್ರೆ ಸಾಕು" ಎಂದಳು ವಸಂತ.

ಬಸ್ಸಿಗಿಂತ ಮುಂಚೆ ಹೋಗುತ್ತದೆ, ಬಸ್ಸು ನಿಲ್ದಾಣಗಳಲ್ಲಿ ನಿಂತರೆ. ಅವಳಿಗೆ ದೂರೇನೂ ಇಲ್ಲ. ನನಗೆ ಕೀಲಿ ಸಿಗುವುದು ಭಾನುವಾರ ಮಾತ್ರ, ತರಕಾರಿ ತರಲು. ಮೊನ್ನೆ ಯಶವಂತಪುರದಿಂದ ಬರುತ್ತ ಫ್ಲೈಓವರ್ ಏರುತ್ತಿದ್ದೆ. ಆಕ್ಸಿಲರೇಟರ್ ಪೂರ್ತಿ ತುಳಿದಿದ್ದೇನೆ, ಗಾಡಿ ಏದುಸಿರು ಬಿಡುತ್ತಿದೆ. ಕೊತ್ತಂಬರಿ ಸೊಪ್ಪಿನ ಕಟ್ಟುಗಳನ್ನು ಹೇರಿಕೊಂಡು ಮೊಪೆಡ್ ಓಡಿಸುತ್ತಿದ್ದ ಹಿರಿಯರೊಬ್ಬರು ನನ್ನ ಪಕ್ಕಕ್ಕೆ ಬಂದು, ಕನಿಕರದಿಂದ ನೋಡಿ, "ಯಾಕ್ ಸಾರ್, ಪೆಟ್ರೋಲ್ ಕಾಲಿನಾ?" ಎಂದು ಕೇಳಿದರು. ಇಲ್ಲ ಯಜಮಾನ್ರೇ, ಇದರೊಳಗೆ ಇರುವುದು ಅಂತಿಂಥ ಪಿಸ್ಟನ್ನಲ್ಲ, ಈ ರಾಡುಗಳು ಈಗಿನ ಎರಡರಷ್ಟು ಏಟು ತಡೆಯುತ್ತವೆ ಎಂದು ಹೇಳಲು ಗಾಜು ಇಳಿಸಿದೆ. ಗಾಜು ಪೂರ್ತಿ ಇಳಿಯುವಷ್ಟರಲ್ಲಿ ಅವರು ಏರು ಮುಗಿಸಿ ಆಚೆ ಬದಿಗೆ ಇಳಿದುಹೋಗಿದ್ದರು.