ಪಟಾಲಮ್ಮ ಲೇಔಟ್ ದ್ವೀಪದ ಮೊದಲ ಪಂಪ್ ಮೆಕ್ಯಾನಿಕ್

ರಾಮಮೂರ್ತಿ ನಗರದ ಹಿಂಬದಿಯಲ್ಲಿರುವ ಪಟಾಲಮ್ಮ ಲೇಔಟ್ ಒಂದು ದ್ವೀಪವೆಂದು ಸರ್ಕಾರ ಆದೇಶ ಹೊರಡಿಸಿರುವುದನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಸಮುದ್ರ ಎಲ್ಲಿದೆ ಎಂದು ಕೆಲವು ಕಿಡಿಗೇಡಿಗಳು ಕೇಳಿದ್ದುಂಟು. ಆದೇಶದಲ್ಲಿ ಸಮುದ್ರದ ಪ್ರಸ್ತಾಪವೇ ಇಲ್ಲ. ನಾಲ್ಕೂ ಕಡೆ ನೀರಿರಬೇಕು, ನಡುವೆ ಮತದಾರರಿರಬೇಕು, ಅಷ್ಟೆ.

ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿ ಇದರ ಹಿನ್ನೆಲೆ ತಿಳಿಸುವುದು ನನ್ನ ಕರ್ತವ್ಯ. ಸಣ್ಣ ದ್ವೀಪಗಳ ಯುವಜನರು ಅಪ್ರೆಂಟಿಸ್ ಆಗಿ ಕಸುಬು ಕಲಿಯಲೆಂದು ಅನುದಾನ ಮಂಜೂರಾಯಿತು. ಅದರ ಕಚೇರಿಯನ್ನು ಅನುಕೂಲದ ದೃಷ್ಟಿಯಿಂದ ಇಂದಿರಾನಗರದಲ್ಲಿ ತೆರೆಯಲಾಯಿತು. ಸಹಾಯಕ ನಿರ್ದೇಶಕ ಹಯಗ್ರೀವ ಅವರು ಪ್ರಾಮಾಣಿಕವಾಗಿ ದ್ವೀಪ ಹುಡುಕಿದರು. ಹಲಸೂರು ಕೆರೆಯ ನಡುಗಡ್ಡೆಗೂ ದೋಣಿಯಲ್ಲಿ ಹೋಗಿ ಬಂದರು. ಅಲ್ಲಿ ಕೊಕ್ಕರೆಗಳು ಮಾತ್ರ ಇದ್ದವು, ಅವಕ್ಕೆ ಆಧಾರ್ ಇರಲಿಲ್ಲ. ಅನುದಾನ ವಾಪಸ್ಸು ಹೋಗುವುದೇ ಸರಿ ಎನ್ನುವಷ್ಟರಲ್ಲಿ ದೇವರ ದಯೆಯಿಂದ ಮಳೆ ಬಂತು.

ನಮ್ಮ ಲೇಔಟಿನ ಮೂರು ಕಡೆ ರಾಜಕಾಲುವೆ ಇದೆ. ಮಳೆಗಾಲದಲ್ಲಿ ಅದರ ನೀರು ಅದರಲ್ಲಿ ಇರುವುದಿಲ್ಲ, ನಮ್ಮಲ್ಲಿ ಇರುತ್ತದೆ. ನಾಲ್ಕನೆಯ ಕಡೆ ರಸ್ತೆ. ಪೈಪ್ ಹಾಕಲೆಂದು ಅದನ್ನು ಉದ್ದಕ್ಕೆ ಅಗೆದು ಬಿಟ್ಟಿದ್ದರು. ತುಂಬಿ ನಿಂತಿದ್ದ ಗುಂಡಿಯನ್ನು ಹಯಗ್ರೀವ ಅವರು ಆಸೆಗಣ್ಣಿನಿಂದ ನೋಡಿದರು.

"ಇದನ್ನ ಮುಚ್ಚಿಬಿಡ್ತಾರೇನ್ರೀ?"

"ಯಾವತ್ತೂ ಮುಚ್ಚಂಗಿಲ್ರೀ ಸಾಹೇಬ್ರ," ಎಂದರು ಸಂಘದ ಅಧ್ಯಕ್ಷ ಶಿವರುದ್ರಪ್ಪನವರು. "ಆ ಚಿಂತಿ ನೀವು ಬಿಡ್ರಿ."

ಈ ಭರವಸೆಯ ಮೇಲೆ ದ್ವೀಪ ದೃಢೀಕರಣವಾಯಿತು. ಗುಂಡಿಗೆ ಅಡ್ಡಲಾಗಿದ್ದ ಹಲಗೆಯನ್ನು ಅಂದೇ ತೆಗೆಸಲಾಯಿತು. ಹಲಗೆ ಎಂದರೆ ಸೇತುವೆ, ಸೇತುವೆಯಿರುವ ದ್ವೀಪ ಬೇರೆ ಇಲಾಖೆಯ ವ್ಯಾಪ್ತಿಗೆ ಬರುತ್ತದೆ. ಅಂದಿನಿಂದ ನಾವೆಲ್ಲ ಪ್ಲಾಸ್ಟಿಕ್ ಡ್ರಮ್ಮುಗಳ ತೆಪ್ಪದಲ್ಲಿ ಆಫೀಸಿಗೆ ಹೋಗುತ್ತೇವೆ.

ಮೊದಲ ಅಭ್ಯರ್ಥಿ ಇಕ್ರಾ. ಅವರದು ನೆಲಮಹಡಿಯ ಬಾಡಿಗೆ ಮನೆ. ಒಳಗೆ ಮೊಣಕಾಲುದ್ದ ನೀರು. ಅವಳ ತಾಯಿ ಮಂಚದ ಮೇಲೆ ಸ್ಟೌ ಇಟ್ಟುಕೊಂಡು ಅಡುಗೆ ಮಾಡುತ್ತಾರೆ. ದ್ವೀಪವಾಸಿಗಳಿಗೆ ಬಲೆ ಹೆಣೆಯುವುದು ಸೂಕ್ತ ಎಂದು ಹಯಗ್ರೀವ ಅವರು ಸಲಹೆ ಕೊಟ್ಟರು.

"ಇಲ್ಲಿ ಮೀನೆಲ್ಲಿದೆ ಸಾರ್? ಪಂಪ್ ರಿಪೇರಿ ಕಲೀತೀನಿ. ನಮ್ಮನೆ ನೀರು ಆಚೆ ಹಾಕ್ಬೇಕು."

ಮಹಿಳಾ ಸಬಲೀಕರಣದ ಗುರಿಯೂ ಬಾಕಿ ಇದ್ದುದರಿಂದ ಒಪ್ಪಿಗೆ ಸಿಕ್ಕಿತು. ಶಿವಾಜಿನಗರದಲ್ಲಿ ಪಂಪ್ ಅಂಗಡಿ ಇಟ್ಟಿರುವ ಅಹ್ಮದ್ ಪಾಷಾ ಅವರನ್ನು ಗೌರವಧನದ ಮೇಲೆ ಉಸ್ತಾದರಾಗಿ ನೇಮಿಸಲಾಯಿತು. ಮಳೆ ಬಿಡಲಿಲ್ಲ, ಹುಡುಗಿಯೂ ಬಿಡಲಿಲ್ಲ. ಕೈಯೆಲ್ಲ ಗ್ರೀಸು ಮಾಡಿಕೊಂಡು ಚೆನ್ನಾಗಿಯೇ ಕಲಿತಳು.

ಪರೀಕ್ಷೆಯ ದಿನ ಇಲಾಖೆಯ ದೊಡ್ಡ ಪಂಪನ್ನು ತೆಪ್ಪದಲ್ಲಿ ತರಿಸಲಾಯಿತು. ಇಕ್ರಾ ಅದನ್ನು ಬಿಚ್ಚಿ, ಜೋಡಿಸಿ, ಸ್ವಿಚ್ ಹಾಕಿದಳು. ನೀರು ಭೋರೆಂದು ಕಾಲುವೆಯ ಆಚೆ ಬದಿಗೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಅವರ ಮನೆಯ ನೆಲದ ಕೆಂಪು ಗಾರೆ ಕಾಣಿಸಿತು. ಅವಳ ತಾಯಿ ಮಂಚದಿಂದ ಇಳಿದು, ಬರಿಗಾಲಲ್ಲಿ ನಿಂತು ಅತ್ತೇಬಿಟ್ಟರು.

ಹಯಗ್ರೀವ ಅವರು ಸ್ವಿಚ್ಚಿನತ್ತ ಓಡಿದರು. "ನಿಲ್ಸಮ್ಮ! ಮೊದ್ಲು ನಿಲ್ಸು! ನೀರು ಹೋದ್ರೆ ದ್ವೀಪ ಹೋಯ್ತು. ದ್ವೀಪ ಇಲ್ದೇ ಸ್ಕೀಮ್ ಎಲ್ಲಿ, ನಿನ್ನ ಸರ್ಟಿಫಿಕೇಟ್ ಎಲ್ಲಿ?"

ಇಕ್ರಾ ಅನುತ್ತೀರ್ಣಳೆಂದು ಘೋಷಿಸಲಾಯಿತು. ಆದರೂ ಇಲಾಖೆ ಕಟುಕನಲ್ಲ. ಕಾಲುವೆ ತೂಬು ತೆಗೆಸಿ, ನೀರನ್ನು ಹಿಂದಿನ ಮಟ್ಟಕ್ಕೆ ತಂದು, ಮರುಪರೀಕ್ಷೆ ಇಟ್ಟಿತು. ಹೊಸ ನಿಯಮದಂತೆ ಪಂಪ್ ಓಡಬೇಕು, ನೀರು ಕದಲಬಾರದು.

ಇಕ್ರಾ ಉಸ್ತಾದರ ಮುಖ ನೋಡಿದಳು. ಅವರಿಗೂ ಗೌರವಧನ ಬರಬೇಕಿತ್ತು.

"ಒಳಗಿನ ಇಂಪೆಲ್ಲರ್ ಚಕ್ರ ತೆಗ್ದಿಡು ಬೇಟಿ," ಎಂದರು ತಲೆ ತಗ್ಗಿಸಿ. "ಮೋಟರ್ ತಿರುಗ್ತದೆ, ಸದ್ದೂ ಬರ್ತದೆ. ನೀರು ಮಾತ್ರ ಎತ್ತಲ್ಲ."

ಅವಳು ಸ್ಪ್ಯಾನರ್ ಹಿಡಿದು, ಬಿಗಿಯಾಗಿದ್ದ ಬೋಲ್ಟುಗಳನ್ನೇ ಇನ್ನಷ್ಟು ಬಿಗಿ ಮಾಡಿದಳು. ಅದನ್ನು ನಡಾವಳಿಯಲ್ಲಿ ಬರೆಯಲು ಅವಕಾಶವಿಲ್ಲ. ಕೊನೆಗೆ ಇಂಪೆಲ್ಲರ್ ಬಿಚ್ಚಿದಳು. ಪಂಪು ಜೋರಾಗಿ ಗುಡುಗಿತು, ನೀರು ಇದ್ದಲ್ಲೇ ಇತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು. ಇಕ್ರಾ ಉನ್ನತ ಶ್ರೇಣಿಯಲ್ಲಿ ಉತ್ತೀರ್ಣಳಾಗಿ, ಅದೇ ಪಂಪಿಗೆ ಆಪರೇಟರ್ ಆಗಿ ನೇಮಕಗೊಂಡಳು. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತಿದೆ. ಬೆಳಿಗ್ಗೆ ಆ ಸದ್ದು ಕೇಳಿದರೆ ನಮಗೆಲ್ಲ ಕೆಲಸ ನಡೆಯುತ್ತಿದೆ ಎಂಬ ಸಮಾಧಾನ.

ಮೊದಲ ದಿನ ಡ್ಯೂಟಿಗೆ ಹೊರಟ ಮಗಳನ್ನು ತಾಯಿ ಬಾಗಿಲಲ್ಲಿ ನೀರೊಳಗೆ ನಿಂತು ಕೇಳಿದರು. "ಕೆಲಸದಲ್ಲಿ ಏನಾದ್ರೂ ತಪ್ಪಾದ್ರೆ ಏನಾಗತ್ತೆ?"

"ನೀರು ಖಾಲಿಯಾಗತ್ತೆ ಅಮ್ಮೀ."

ತಾಯಿ ಗಾಬರಿಯಿಂದ ಅವಳ ಕೈ ಹಿಡಿದುಕೊಂಡರು. "ಹುಷಾರಾಗಿ ಮಾಡು ಬೇಟಿ."