ಮಾವನ ಗುರಿಯೂ ಅತ್ತೆಯ ತಟ್ಟೆಯೂ

ನನ್ನ ಸೋದರಮಾವ ಇಪ್ಪತ್ತು ವರ್ಷ ಬಂದೂಕು ಹಿಡಿದವರು. ಅಷ್ಟು ವರ್ಷದಲ್ಲಿ ಅವರ ಗುಂಡಿಗೆ ಬಲಿಯಾದದ್ದು ಒಂದೇ ಒಂದು ಹಿತ್ತಾಳೆ ತಟ್ಟೆ. ಅದೂ ಅತ್ತೆ ತವರಿನಿಂದ ತಂದ ತಟ್ಟೆ! ಅದನ್ನೇ ಯಾಕೆ ಆರಿಸಿಕೊಂಡಿರಿ ಎಂದು ಕೇಳಿದರೆ ಮಾವ ಮೀಸೆಯಲ್ಲೇ ನಗುತ್ತಿದ್ದರು.

ಬಂದೂಕೆಂದ ತಕ್ಷಣ ಹೆದರಬೇಡಿ. ಅದು ಗಾಳಿಯ ಒತ್ತಡದಿಂದ ಕಡಲೆಕಾಳಿಗಿಂತ ಚಿಕ್ಕ ಸೀಸದ ಗುಂಡು ಹಾರಿಸುವ ಏರ್ ರೈಫಲ್. ಮೈಮೇಲೆ ಬರ್ಮಿಂಗ್‌ಹ್ಯಾಮ್ ಎಂದು ಇಂಗ್ಲಿಷಿನಲ್ಲಿ ಕೆತ್ತಿತ್ತು. ನಂದಿಬೆಟ್ಟದ ಬಂಗಲೆ ಖಾಲಿ ಮಾಡಿ ಹೊರಟ ದೊರೆಯೊಬ್ಬ ತಾತನಿಗೆ ಕೊಟ್ಟದ್ದು ಎಂದು ಮಾವ ಬಂದವರಿಗೆಲ್ಲ ಹೇಳುವರು.

"ಯಾವ ದೊರೆ? ಚಿಂತಾಮಣಿ ಸಂತೇಲಿ ಹಳೇ ಸಾಮಾನಿನವನ ಹತ್ರ ತಂದಿದ್ದು. ನಾನೇ ಪಕ್ಕದಲ್ಲಿದ್ದೆ!" ಎಂದು ಅತ್ತೆ ಅಡುಗೆಮನೆಯಿಂದಲೇ ಆ ದೊರೆಯನ್ನು ಹಡಗು ಹತ್ತಿಸಿಬಿಡುತ್ತಿದ್ದರು.

ಶಿಡ್ಲಘಟ್ಟದಲ್ಲಿ ಮಾವನದು ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕೆಲಸ. ಬಿಸಿನೀರಿನಲ್ಲಿ ಕುಣಿಯುವ ಗೂಡಿನಿಂದ ಎಳೆಯ ತುದಿಯನ್ನು ಒಂದೇ ನೋಟಕ್ಕೆ ಹಿಡಿಯುವ ಕಣ್ಣು ಅವರದು. ಅದರ ಮೇಲೆ ಅವರಿಗಿದ್ದ ಜಂಬ ಅಷ್ಟಿಷ್ಟಲ್ಲ. ಭಾನುವಾರ ಸಂಜೆ ನಾಲ್ಕಕ್ಕೆ ಹಿತ್ತಲಿನ ಗೂಡಿನ ಕೋಣೆಯ ಕಿಟಕಿಗೆ ತಟ್ಟೆ ನೇತುಹಾಕಿ, ಇಪ್ಪತ್ತು ಹೆಜ್ಜೆ ಎಣಿಸಿ ನಿಂತು, "ಯಾರೂ ಉಸಿರು ಬಿಡ್ಬೇಡಿ!" ಎಂದು ಅಪ್ಪಣೆ ಕೊಡುವರು. ಫಟ್! ಠಣ್! ಹೀಗೆ ಐದು ಸಲ. ಆಮೇಲೆ ನಾವೆಲ್ಲ ಉಸಿರಾಡಬಹುದಿತ್ತು.

ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೆ ಭಾನುವಾರವೇ ಸಿಗಬೇಕೆ? ಬಾಯಲ್ಲಿ ಕೇಸರಿಬಾತು ಇಟ್ಟುಕೊಂಡೇ ಅವರೂ ಉಸಿರು ಬಿಗಿಹಿಡಿದರು. ನಾಲ್ಕನೆಯ ಗುಂಡಿಗೆ ಸರಿಯಾಗಿ ಹುಡುಗ ಕೆಮ್ಮಿದ, ಗುರಿ ತಪ್ಪಿತು. ಮಾವ ಬಂದೂಕು ಇಳಿಸಿದರು.

"ಅರ್ಧ ನಿಮಿಷ ತಡ್ಕೊಳಕ್ಕಾಗಲ್ಲ, ಈ ಹುಡುಗಿ ಜೊತೆ ಐವತ್ತು ವರ್ಷ ಹೆಂಗಪ್ಪ ತಡ್ಕೊಂತೀಯ?"

ಸಂಬಂಧ ಅಲ್ಲಿಗೇ ಮುರಿಯಿತು. ಮಾವ ತಿಂಗಳುಗಟ್ಟಲೆ ಪೇಚಾಡಿದ್ದೇನೋ ನಿಜ. ಆದರೆ ಅದು ನಾಲ್ಕನೆಯ ಗುಂಡಿಗಾಗಿ!

ಓಣಿಯವರು ಒಮ್ಮೆ ಕೋತಿಗಳ ಕಾಟ ತಡೆಯಲಾರದೆ ಬಂದರು. "ಜೀವ ಇರೋದಕ್ಕೆ ನಾನು ಗುರಿ ಇಡಲ್ಲ ಕಣ್ರಪ್ಪ. ಬೇಕಾದ್ರೆ ಸದ್ದು ಮಾಡಿ ಓಡಿಸ್ತೀನಿ" ಎಂದು ಮಾವ ತಟ್ಟೆಗೆ ಹೊಡೆದರು. ಠಣ್ ಎಂದದ್ದೇ ತಡ, ಊಟಕ್ಕೆ ಕರೆದರೆಂದುಕೊಂಡು ಇನ್ನೂ ನಾಲ್ಕು ಕೋತಿಗಳು ಇಳಿದುಬಂದವು.

ಇಂಥ ಮಾವ ನನ್ನ ಮೇಲೆ ನಿಜವಾಗಿ ಸಿಟ್ಟಾದದ್ದು ಒಂದೇ ಸಲ. ತಮಾಷೆಗೆಂದು ನಾನು ಗುಂಡು ಹಾಕದೆ ಬಂದೂಕಿನ ಕುದುರೆ ಎಳೆದುಬಿಟ್ಟಿದ್ದೆ.

"ಖಾಲಿ ಹೊಡೀತಾರೇನಮ್ಮ? ಮುಂದೆ ಗುಂಡು ಇಲ್ದಿದ್ರೆ ಒಳಗಿನ ಪಿಸ್ಟನ್ ಹೋಗಿ ನೇರ ಕಬ್ಬಿಣಕ್ಕೆ ಗುದ್ದುತ್ತೆ. ಸ್ಪ್ರಿಂಗ್ ಸಾಯುತ್ತೆ! ಬೇಕಾದ್ರೆ ನನ್ನ ಕೆನ್ನೆಗೆ ಹೊಡಿ, ಇದನ್ನ ಖಾಲಿ ಹೊಡೀಬೇಡ!"

ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದರು.

ತೊಂಬತ್ತರ ದಶಕದ ನಡುವೆ ಆ ಕಣ್ಣಿಗೇ ಮಂಜು ಕವಿಯಿತು. ಆಪರೇಷನ್ ಮಾಡಿದರೂ ಪ್ರಯೋಜನವಾಗಲಿಲ್ಲ. ನೂಲಿನ ಎಳೆ ಕಾಣದಾಯಿತು. ಭಾನುವಾರ ಐದಕ್ಕೆ ಐದೂ ಗೋಡೆ ಸೇರತೊಡಗಿದವು. ಮಾವ ಬೈಯಲಿಲ್ಲ, ಉಸಿರು ಬಿಡಬೇಡಿ ಎನ್ನಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಅಂಥ ಬಾಯಿ ಸುಮ್ಮನಾದದ್ದು ಕಂಡು ನಮಗೆಲ್ಲ ಭಯವಾಯಿತು.

ಆಮೇಲೊಂದು ಭಾನುವಾರ ಇದ್ದಕ್ಕಿದ್ದಂತೆ ಠಣ್! ಐದಕ್ಕೆ ಐದೂ! ಮಾವ ಎರಡು ಮುದ್ದೆ ಉಂಡರು. ನಂತರದ ವಾರಗಳಲ್ಲೂ ಅದೇ ಕಥೆ. ಗೌರಿಬಿದನೂರಿನ ಸ್ಕೂಲಿನಲ್ಲಿ ಟೀಚರಾಗಿದ್ದ ನಾನು ಒಮ್ಮೆ ರಜೆಗೆ ಹೋದಾಗ, ಅತ್ತೆ ಎಲ್ಲಿ ಎಂದು ಹುಡುಕುತ್ತ ಗೂಡಿನ ಕೋಣೆಗೆ ಇಣುಕಿದೆ. ಅತ್ತೆ ಕಿಟಕಿಯ ಪಕ್ಕ ಗೋಡೆಗೆ ಅಂಟಿ ನಿಂತು, ಕಂಬಿಯ ಸಂದಿಯಿಂದ ಕೈ ಹಾಕಿ, ತಟ್ಟೆಯ ಹಿಂದೆ ಸೌಟು ಹಿಡಿದಿದ್ದರು. ಫಟ್ ಎಂದ ಕ್ಷಣಕ್ಕೇ ಸೌಟಿನಿಂದ ಠಣ್!

"ಅತ್ತೆ, ಗುಂಡು ಕೈಗೆ ತಗಲಿದ್ರೆ?"

"ತಗಲಿದ್ರೆ ಅರಿಶಿನ ಹಚ್ಕೊಂತೀನಿ. ಅವರು ಉಣ್ಣದೆ ಕೂತ್ರೆ ಏನು ಹಚ್ಲಿ? ನೀನು ಬಾಯಿ ಬಿಟ್ಟೀಯ, ಜೋಕೆ!"

ಮೂರು ವರ್ಷ ಹೀಗೇ ನಡೆಯಿತು. ಕೊನೆಗೆ ಒಂದು ದಿನ ಬಂದೂಕು ಕೈಕೊಟ್ಟಿತು. ಹೊಲಿಗೆ ಮೆಷಿನ್ ರಿಪೇರಿ ಮಾಡುವ ಭಾಯ್ ಹತ್ತಿರ ಒಯ್ದೆ. ಅವರು ಬಿಚ್ಚಿ ನೋಡಿ ತಲೆಯಾಡಿಸಿದರು.

"ಸ್ಪ್ರಿಂಗ್ ಎರಡು ತುಂಡಾಗೈತೆ ಅಮ್ಮಾ. ಈ ಮಾಲು ಈಗ ಸಿಗಲ್ಲ. ಯಾರೋ ವರ್ಷಗಟ್ಟಲೆ ಖಾಲಿ ಹೊಡ್ದವ್ರೆ."

ಖಾಲಿ? ನಮ್ಮ ಮಾವ? ನೇರ ಹೋಗಿ ಕೇಳಿಯೇಬಿಟ್ಟೆ. ಮಾವ ಅಡುಗೆಮನೆಯ ಕಡೆ ಕಿವಿಕೊಟ್ಟು, ದನಿ ತಗ್ಗಿಸಿದರು.

"ಗುಂಡು ಬಡಿದ್ರೆ ಬರೀ ತಟ್ಟೆ ಸದ್ದಾಗುತ್ತೆ ಕಣಮ್ಮ. ಅವತ್ತು ಮೊದಲನೇ ಸಲ ಠಣ್ ಅಂದಾಗ ಜೊತೆಗೆ ಬಳೆ ಸದ್ದೂ ಬಂತು. ಆ ಕ್ಷಣದಿಂದ ಒಂದು ಗುಂಡೂ ಹಾಕಿಲ್ಲ."

"ನಿಲ್ಲಿಸಿಬಿಡಬಹುದಿತ್ತಲ್ಲ ಮಾವ?"

"ನಿಲ್ಲಿಸಿದ್ರೆ ಅವಳಿಗೆ ಗೊತ್ತಾಗಿಬಿಡ್ತಿತ್ತು. ನನ್ನ ಮರ್ಯಾದೆ ಉಳಿಸೋಕೆ ಕೈ ಒಡ್ಡಿ ನಿಂತವಳೆ. ಸ್ಪ್ರಿಂಗ್ ಹೋದ್ರೆ ಹೋಗ್ಲಿ ಬಿಡು. ರಿಪೇರಿ ಆಯ್ತು ಅಂತ ಹೇಳು."

ಬಂದೂಕಿಗಾಗಿ ನನ್ನೊಡನೆ ವಾರ ಮಾತು ಬಿಟ್ಟವರು, ಅದನ್ನೇ ಭಾನುವಾರ ಭಾನುವಾರ ತಮ್ಮ ಕೈಯಾರೆ ಹಾಳುಮಾಡಿಕೊಂಡಿದ್ದರು! ಆದರೂ ಕೇಳಿದೆ, "ಫಟ್ ಅನ್ನೋ ಸದ್ದು ಎಲ್ಲಿಂದ ತರ್ತೀರಿ?"

"ಅದನ್ನ ನಾನು ನೋಡ್ಕೊಂತೀನಿ."

ಭಾನುವಾರ ನಾಲ್ಕು ಗಂಟೆ. ಮಾವ ಇಪ್ಪತ್ತು ಹೆಜ್ಜೆ ಎಣಿಸಿ, ಸತ್ತ ಬಂದೂಕನ್ನು ಭುಜಕ್ಕೇರಿಸಿ, ಒಂದು ಕಣ್ಣು ಮುಚ್ಚಿದರು. "ಯಾರೂ ಉಸಿರು ಬಿಡ್ಬೇಡಿ!" ಎಂದರು. ಆಮೇಲೆ ಬಾಯಿಂದಲೇ "ಫಟ್!" ಎಂದರು.

ಕಿಟಕಿಯಲ್ಲಿ ಸದ್ದೇ ಇಲ್ಲ. ಅತ್ತೆಗೆ ಎಲ್ಲ ತಿಳಿದುಹೋಯಿತೆಂದು ನನಗೂ ತಿಳಿಯಿತು. ಅವತ್ತು ನಾನು ನಿಜವಾಗಿಯೂ ಉಸಿರು ಬಿಟ್ಟಿರಲಿಲ್ಲ.

ಠಣ್!

ಬಳೆಗಳೂ ಸದ್ದು ಮಾಡಿದವು.

"ಎಲ್ಲಿ ಬಿತ್ತೇ?" ಎಂದು ಮಾವ ಕೂಗಿದರು.

"ನಟ್ಟನಡುವೇ ಬಿತ್ತು ಕಣ್ರೀ!" ಎಂದು ಮೊದಲ ಸಲ ಅತ್ತೆ ಗೂಡಿನ ಕೋಣೆಯೊಳಗಿಂದ ಉತ್ತರ ಕೊಟ್ಟರು.