ಮಿರ್ಚಿ ಕಟ್ಟಿದ ಹಾಳೆ

ನನ್ನ ಕನ್ನಡ ಪಾಠ ಕೇಳಿ ಯಾವ ಮಗುವಿಗೂ ಓದುವ ಆಸೆ ಹುಟ್ಟಿಲ್ಲವೆಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಆದರೆ ಅನುಮಾನದೊಡನೆ ಮನುಷ್ಯ ಸುಖವಾಗಿ ಬದುಕಬಲ್ಲ; ಲಿಖಿತ ಪುರಾವೆಯೊಡನೆ ಕಷ್ಟ. ನಿವೃತ್ತಿಗೆ ಎಂಟು ತಿಂಗಳಿರುವಾಗ ಅದು ನನ್ನ ಮೇಜಿನ ಮೇಲೆ ಬಂದು ಕೂತಿತು.

ಓದುವ ಮನಸ್ಸು ಯಾವಾಗ ಬರುತ್ತದೆಂದು ಮಕ್ಕಳೇ ಸಂಶೋಧಿಸಬೇಕೆಂದು ರೋಣದ ಶಿಕ್ಷಕರ ತರಬೇತಿಯಲ್ಲಿ ಹೇಳಿದರು. ಊಟ ಭಾರವಾಗಿತ್ತು, ನಾನು ತೂಕಡಿಸಿದೆ. ಅದನ್ನೇ ಒಪ್ಪಿಗೆಯೆಂದು ಬರೆದುಕೊಂಡರು. ಹೊಳೆದಂಡೆಯ ನಮ್ಮ ಪ್ರೌಢಶಾಲೆಗೆ ಮರಳಿ, ಒಂಬತ್ತನೆಯ ತರಗತಿಗೆಲ್ಲ ನೋಟುಬುಕ್ಕು ಹಂಚಿ, ಓದಬೇಕೆನಿಸಿದ ಕೂಡಲೇ ಬರೆದಿಡಲು ಅಪ್ಪಣೆ ಮಾಡಿದೆ. ಅದೇ ತರಗತಿಯ ರೇಣವ್ವನನ್ನು ಮುಖ್ಯ ಸಂಶೋಧಕಿಯಾಗಿ ನೇಮಿಸಿದೆ. ಬೇಸಿಗೆ ಕಳೆದ ಮೇಲೆ ಅವಳನ್ನು ಶಾಲೆ ಬಿಡಿಸುತ್ತೇನೆಂದು ಅವಳ ಅಪ್ಪ ಬಂದು ಹೇಳಿದಾಗ ನಾನು ‘ನೋಡೂಣ್ರಿ’ ಎಂದು ಕರ್ತವ್ಯ ಮುಗಿಸಿದ್ದೆ.

ಹದಿನೈದು ದಿನದ ಮೇಲೆ ಅವಳು ವರದಿ ಓದಿದಳು. “ಕನ್ನಡ ತಾಸಿನ್ಯಾಗ ಯಾರಿಗೂ ಮನಸ್ಸು ಬಂದಿಲ್ರಿ ಸರ. ಭಾಳ ಮಂದಿಗೆ ಬಂದದ್ದು ಬಸ್ ಸ್ಟ್ಯಾಂಡಿನ ಮಿರ್ಚಿ ಅಂಗಡ್ಯಾಗ.”

“ಯವ್ವಾ, ನಾ ಕೇಳಿದ್ದು ಓದೂ ಮನಸ್ಸು. ತಿನ್ನೂದಲ್ಲ.”

“ಓದೂದನ್ನ ಹೇಳಾಕತ್ತೀನ್ರಿ. ಮಿರ್ಚಿ ಕಟ್ಟಿಕೊಡೂ ಹಾಳ್ಯಾಗ ಕತಿ ಅರ್ಧಕ್ಕ ನಿಂತಿರ್ತದ. ಮುಂದಿಂದು ಸಿಗ್ತದೇನಂತ ಮರುದಿನ ಮತ್ತ ಹೋಗ್ತೀವಿ.”

ಪುರಾವೆಯಾಗಿ ಎಣ್ಣೆ ಹತ್ತಿದ ಹಾಳೆಯನ್ನು ಮುಂದಿಟ್ಟಳು. ಹದಿನೇಳನೆಯ ಪುಟ. ಮೂಲೆಯಲ್ಲಿ ನಮ್ಮ ಗ್ರಂಥಾಲಯದ ನೀಲಿ ಮೊಹರು. ಪ್ರತಿ ಪುಸ್ತಕದ ಹದಿನೇಳನೆಯ ಪುಟಕ್ಕೆ ಅದನ್ನು ಒತ್ತಿದವನು ನಾನೇ. ಹೋದ ಮಳೆಗಾಲದಲ್ಲಿ ಮಲಪ್ರಭೆ ಶಾಲೆಯೊಳಗೆ ಬಂದು ಕಪಾಟಿನ ಕೆಳಸಾಲು ತೋಯಿಸಿದಾಗ, ಒಣಗಿದ್ದ ಮೇಲಿನ ಸಾಲುಗಳನ್ನೂ ಸೇರಿಸಿ ರದ್ದಿಯವನ ಗಾಡಿಗೆ ಹೇರಿಸಿ, ‘ನೆರೆಯಲ್ಲಿ ನಾಶ’ ಎಂದು ಷರಾ ಬರೆದವನೂ ನಾನೇ. ಕಪಾಟು ಖಾಲಿಯಾದರೆ ಧೂಳು ಒರೆಸುವ ಕೆಲಸ ತಪ್ಪುತ್ತದಲ್ಲ.

“ಈ ಕತ್ಯಾಗ ಹುಡುಗೀನ ಸಾಲಿ ಬಿಡಿಸ್ಯಾರ್ರಿ ಸರ. ಮುಂದ ಆಕಿ ಮತ್ತ ಸಾಲಿಗೆ ಹೋದಳೇನ್ರಿ? ನೀವು ಓದಿರ್ತೀರಲ್ರಿ.”

“ಓದೇನಿ. ಮರತೇನಿ,” ಎಂದೆ. ಹದಿನೇಳನ್ನು ಬಿಟ್ಟು ಬೇರೆ ಪುಟವನ್ನು ನಾನು ತೆರೆದವನೇ ಅಲ್ಲ.

ಅಂದು ಸಂಜೆ, ಎಣ್ಣೆಯದು ಮುಟ್ಟಬೇಡಿರೆಂದ ಡಾಕ್ಟರರ ಮಾತು ಮೀರಿ, ಮಿರ್ಚಿ ಅಂಗಡಿಗೆ ಹೋದೆ. ರೇಣವ್ವ ಅಲ್ಲೇ ನಿಂತಿದ್ದಳು. ಅಂಗಡಿಯವನು ದಿನಪತ್ರಿಕೆ ಹರಿಯುತ್ತ, “ಆ ಸಾಲಿ ಪುಸ್ತಕದ ರದ್ದಿ ಮುಗೀತ್ರಿ ಮಾಸ್ತರ,” ಎಂದ.

ಮರುದಿನ ಅವಳ ನೋಟುಬುಕ್ಕಿನಲ್ಲಿ ಹೊಸ ಸಾಲಿತ್ತು: ‘ನಿನ್ನೆ ಸಂಜೆ ನಮ್ಮ ಸರ್ ಅವರಿಗೂ ಓದುವ ಮನಸ್ಸು ಬಂತು. ಹಾಳೆ ತೀರಿದ್ದವು.’

ಪರಿಶೀಲಿಸಿದೆ ಎಂದು ಕೆಳಗೆ ಸಹಿ ಮಾಡಿದೆ.